ಹೊಸ ಭಟ್ಟಿಗೆ ಮೊದಲ ಬೆಂಕಿ: ಒಣಗಿಸುವ ದಿನಗಳೂ ಕಟ್ಟಡದ ದಿನಗಳೇ

ಹೊಸ ಬೇಕರಿಯೊಂದನ್ನು ತೆರೆಯುವವರು ಜಾಗದ ಮುಂಗಡ, ಪರವಾನಗಿ, ಯಂತ್ರೋಪಕರಣ, ಕೆಲಸಗಾರರ ಸಂಬಳ, ಮೈದಾ-ಸಕ್ಕರೆಯ ದಾಸ್ತಾನು, ಬ್ಯಾಂಕಿನ ಕಂತು ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. ಉದ್ಘಾಟನೆಯ ದಿನಾಂಕವೂ ಬಹಳ ಮುಂಚಿತವಾಗಿಯೇ ಗೊತ್ತಾಗಿರುತ್ತದೆ. ಇಷ್ಟೆಲ್ಲ ಲೆಕ್ಕದ ನಡುವೆ ಸಾಮಾನ್ಯವಾಗಿ ಬಿಟ್ಟುಹೋಗುವ ಬಾಬ್ತು ಒಂದಿದೆ. ಹೊಸದಾಗಿ ಕಟ್ಟಿದ ಇಟ್ಟಿಗೆಯ ಭಟ್ಟಿ ಒಣಗಲು ಬೇಕಾಗುವ ಕಾಲವೇ ಆ ಬಾಬ್ತು. ಮೇಸ್ತ್ರಿಯು ಕರಣೆ ತೊಳೆದುಕೊಂಡು ಹೊರಟ ದಿನವೇ ಭಟ್ಟಿ ಸಿದ್ಧವಾಯಿತೆಂದು ಭಾವಿಸುವುದು ನಮ್ಮಲ್ಲಿ ವಾಡಿಕೆ. ವಾಸ್ತವದಲ್ಲಿ ಆ ದಿನ ಮುಗಿದಿರುವುದು ಕೆಲಸದ ಪೂರ್ವಾರ್ಧ ಮಾತ್ರ.

ಈ ಲೇಖಕನು ಹತ್ತಿರದಿಂದ ಕಂಡ ಪ್ರಸಂಗವೊಂದನ್ನು ಇಲ್ಲಿ ಹೇಳುವುದು ಉಚಿತ. ಊರು, ಹೆಸರು ಬೇಡ. ತಾಲ್ಲೂಕು ಕೇಂದ್ರವೊಂದರಲ್ಲಿ ಯುವಕರೊಬ್ಬರು ಸಾಲ ಪಡೆದು ಸೌದೆಯ ಭಟ್ಟಿ ಕಟ್ಟಿಸಿದರು. ಮೇಸ್ತ್ರಿಯು ಹೋಗುವಾಗ "ಇಪ್ಪತ್ತೊಂದು ದಿನ ಮುಟ್ಟಬೇಡಿ" ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಆದರೆ ಆಹ್ವಾನ ಪತ್ರಿಕೆಗಳು ಅಚ್ಚಾಗಿದ್ದವು. ಒಂಬತ್ತನೆಯ ದಿನವೇ ಭಟ್ಟಿಯ ತುಂಬ ಹುಣಸೆ ಸೌದೆ ತುಂಬಿ ಉರಿ ಹಾಕಲಾಯಿತು. ಕೆಲವು ಗಂಟೆಗಳಲ್ಲಿ ಒಳಗಿನಿಂದ ಪಟಾಕಿ ಸಿಡಿದಂತಹ ಶಬ್ದ ಕೇಳಿಸಿತು. ಕಮಾನಿನ ಒಳಮೈಯಿಂದ ಚಕ್ಕೆಗಳು ಎದ್ದು ಹಾಸಿನ ಮೇಲೆ ಬಿದ್ದವು. ಮೊದಲ ವಾರದ ಬ್ರೆಡ್ಡಿನಲ್ಲಿ ಇಟ್ಟಿಗೆಯ ಚೂರು ಸಿಕ್ಕಿ ಗಿರಾಕಿಗಳು ಹಿಂದಿರುಗಿಸಿದರು. ಎರಡು ತಿಂಗಳೊಳಗೆ ಕಮಾನನ್ನು ಪೂರ್ತಿ ಕಿತ್ತು ಹೊಸದಾಗಿ ಕಟ್ಟಬೇಕಾಯಿತು. ಮೇಸ್ತ್ರಿಗೆ ಬಾಕಿ ಹಣ ಸಂದಾಯವಾಗಲಿಲ್ಲ. ಮಾಲೀಕರಿಗೆ ಹಬ್ಬದ ಸೀಸನ್ ಕೈತಪ್ಪಿತು. ತಪ್ಪು ಯಾರದೆಂಬ ವಾದ ಇಂದಿಗೂ ಇತ್ಯರ್ಥವಾಗಿಲ್ಲ. ಇಟ್ಟಿಗೆಯ ಗುಣಮಟ್ಟವಾಗಲಿ ಮೇಸ್ತ್ರಿಯ ಕೈಚಳಕವಾಗಲಿ ಅಲ್ಲಿ ಸೋತಿರಲಿಲ್ಲ. ಗೋಡೆಯೊಳಗೆ ಉಳಿದಿದ್ದ ನೀರಿನ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ, ಅಷ್ಟೇ.

ಭಟ್ಟಿಯೊಳಗೆ ಎಷ್ಟು ನೀರು?

ಮಧ್ಯಮ ಗಾತ್ರದ ಭಟ್ಟಿಯೊಂದರ ಹೊರಗೋಡೆಗೆ 2,000 ಸಾಮಾನ್ಯ ಇಟ್ಟಿಗೆ ಬೇಕಾಯಿತೆಂದು ಇಟ್ಟುಕೊಳ್ಳೋಣ. ಒಂದು ಇಟ್ಟಿಗೆ 3 ಕೆ.ಜಿ. ತೂಗಿದರೆ ಒಟ್ಟು 6,000 ಕೆ.ಜಿ. ಕಟ್ಟುವ ಮೊದಲು ಇಟ್ಟಿಗೆಯನ್ನು ನೀರಿನಲ್ಲಿ ನೆನೆಸುವುದು ವಾಡಿಕೆಯಷ್ಟೆ. ತೂಕದ ಶೇ. 10ರಷ್ಟು ನೀರನ್ನು ಅದು ಹೀರಿದರೂ 600 ಲೀಟರ್ ಆಯಿತು. ಗಾರೆಯಲ್ಲಿ, ಹಾಸಿನ ಕೆಳಗಿನ ಭರ್ತಿಯಲ್ಲಿ, ಕಮಾನಿನ ಸಂದುಗಳಲ್ಲಿ ಇರುವ ನೀರು ಕನಿಷ್ಠ 200 ಲೀಟರ್. ಅಂದರೆ ನೋಡಲು ಒಣಗಿದಂತೆ ಕಾಣುವ ಭಟ್ಟಿಯ ಒಡಲಿನಲ್ಲಿ 200 ಲೀಟರಿನ ನಾಲ್ಕು ಡ್ರಮ್ಮುಗಳಷ್ಟು ನೀರು ಅಡಗಿರುತ್ತದೆ.

ಇದನ್ನು ಬೆಂಕಿಯಿಂದಲೇ ಹೊರಹಾಕುತ್ತೇವೆಂದು ಹೊರಟರೆ ವೆಚ್ಚವೆಷ್ಟು? ಕೋಣೆಯ ಉಷ್ಣತೆಯಲ್ಲಿರುವ ಒಂದು ಲೀಟರ್ ನೀರನ್ನು ಹಬೆಯಾಗಿಸಲು ಸುಮಾರು 2,600 ಕಿಲೋಜೌಲ್ ಶಾಖ ಬೇಕು. ಚೆನ್ನಾಗಿ ಒಣಗಿದ ಸೌದೆಯು ಕೆ.ಜಿ.ಗೆ ಸುಮಾರು 15,000 ಕಿಲೋಜೌಲ್ ಕೊಡುತ್ತದೆ. ಒಂದು ಕಿಡಿಯೂ ವ್ಯರ್ಥವಾಗದಿದ್ದರೂ 800 ಲೀಟರಿಗೆ 140 ಕೆ.ಜಿ. ಸೌದೆ ಆಯಿತು. ವಸ್ತುತಃ ಶಾಖದ ಬಹುಭಾಗ ಚಿಮಣಿಯ ಮೂಲಕ ಹೊರಹೋಗುವುದರಿಂದ ಇದರ ಹಲವು ಪಟ್ಟು ಸೌದೆ ಖರ್ಚಾಗುತ್ತದೆ. ಇದೇ ಕೆಲಸದ ಬಹುಪಾಲನ್ನು ಗಾಳಿಯು ಬಿಟ್ಟಿಯಾಗಿ ಮಾಡಿಕೊಡುತ್ತದೆ. ಅದು ಕೇಳುವುದು ಕಾಲವನ್ನು ಮಾತ್ರ.

ಹಾನಿ ಸಂಭವಿಸುವ ಬಗೆ

ನೀರು ಹಬೆಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹೆಚ್ಚುತ್ತದೆ. ಉರಿಯು ನಿಧಾನವಾಗಿದ್ದರೆ ಇಟ್ಟಿಗೆ ಮತ್ತು ಗಾರೆಯ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯು ಸಾವಕಾಶವಾಗಿ ಹೊರಬರುತ್ತದೆ. ಉರಿ ತೀವ್ರವಾದರೆ ಆವಿ ಉತ್ಪತ್ತಿಯಾಗುವ ವೇಗಕ್ಕೆ ರಂಧ್ರಗಳ ದಾರಿ ಸಾಲದು. ಒತ್ತಡ ಏರುತ್ತದೆ, ದುರ್ಬಲವಾದ ಭಾಗ ಚಕ್ಕೆಯಾಗಿ ಸಿಡಿಯುತ್ತದೆ. ಎರಕ ಹೊಯ್ದ ಅಗ್ನಿಸಹ ಕಾಂಕ್ರೀಟಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅದರ ಒಡಲು ದಟ್ಟವಾಗಿದ್ದು ಸಂದುಗಳೇ ಇರುವುದಿಲ್ಲ.

ಎರಡನೆಯ ಕಾರಣ ಹಿಗ್ಗುವಿಕೆ. ಅಗ್ನಿಸಹ ಜೇಡಿಮಣ್ಣಿನ ಇಟ್ಟಿಗೆಯ ಒಂದು ಮೀಟರ್ ಉದ್ದದ ಸಾಲು 500 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದಾಗ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಒಳಮೈ ಹೀಗೆ ಹಿಗ್ಗುತ್ತಿರುವಾಗ ಹೊರಗೋಡೆ ಒದ್ದೆಯಾಗಿ ತಣ್ಣಗೆ ಕುಳಿತಿದ್ದರೆ ಎರಡರ ನಡುವೆ ಎಳೆದಾಟ ಉಂಟಾಗುತ್ತದೆ. ಬಿರುಕು ಹುಟ್ಟುವುದು ಅಲ್ಲಿಯೇ. ಬಾಗಿಲಿನ ಕಬ್ಬಿಣದ ಚೌಕಟ್ಟು ಇಟ್ಟಿಗೆಗಿಂತ ಸರಿಸುಮಾರು ಇಮ್ಮಡಿ ಹಿಗ್ಗುತ್ತದೆ. ಅದನ್ನು ಗಾರೆಯಲ್ಲಿ ಬಿಗಿಯಾಗಿ ಹೂತಿದ್ದರೆ ಬಾಯಿಯ ಎರಡೂ ಮೂಲೆಗಳಲ್ಲಿ ಸೀಳು ಖಂಡಿತ.

ಮೂರನೆಯದು ಸಾಮಗ್ರಿಯ ಆಯ್ಕೆಗೆ ಸಂಬಂಧಿಸಿದ್ದು. ಕಟ್ಟಡಕ್ಕೆ ಬಳಸುವ ಸಾಮಾನ್ಯ ಸಿಮೆಂಟನ್ನು ಬೆಂಕಿ ತಾಗುವ ಭಾಗದಲ್ಲಿ ಎಂದಿಗೂ ಉಪಯೋಗಿಸಕೂಡದು. ಅದು ಗಟ್ಟಿಯಾದಾಗ ಅದರೊಳಗೆ ಸುಣ್ಣದ ಅಂಶ ಉಂಟಾಗಿರುತ್ತದೆ. 400ರಿಂದ 500 ಡಿಗ್ರಿಯ ಆಸುಪಾಸಿನಲ್ಲಿ ಇದು ನೀರನ್ನು ಕಳೆದುಕೊಂಡು ಸುಟ್ಟ ಸುಣ್ಣವಾಗುತ್ತದೆ. ಭಟ್ಟಿ ಆರಿದ ಮೇಲೆ ಗಾಳಿಯ ತೇವವನ್ನು ಹೀರಿ ಮತ್ತೆ ಅರಳಿ ಪುಡಿಯಾಗುತ್ತದೆ. ಎಷ್ಟು ನಿಧಾನವಾಗಿ ಒಣಗಿಸಿದರೂ ಈ ದೋಷ ನೀಗದು. ಮಾರುಕಟ್ಟೆಯಲ್ಲಿ ಐಎಸ್ 6 ಮತ್ತು ಐಎಸ್ 8 ಎಂದು ದೊರೆಯುವ ಅಗ್ನಿಸಹ ಇಟ್ಟಿಗೆಗಳು ಭಾರತೀಯ ಮಾನಕಗಳ ಸಂಖ್ಯೆಯಿಂದಲೇ ಹೆಸರು ಪಡೆದಿವೆ: ಮೊದಲನೆಯದು ಮಧ್ಯಮ ಶಾಖಕ್ಕೆ, ಎರಡನೆಯದು ಹೆಚ್ಚಿನ ಶಾಖಕ್ಕೆ. ಇವಕ್ಕೆ ಹೊಂದುವ ಅಗ್ನಿಸಹ ಗಾರೆಯನ್ನೇ ಬಳಸತಕ್ಕದ್ದು. ಇಲ್ಲೊಂದು ಸೂಕ್ಷ್ಮವಿದೆ. ಕೇವಲ ಅಗ್ನಿಸಹ ಜೇಡಿಯ ಗಾರೆಯು ನಿಜವಾಗಿ ಬೆಂದು ಕಲ್ಲಾಗಲು 1,000 ಡಿಗ್ರಿಗೂ ಮೀರಿದ ಶಾಖ ಬೇಕು. ಬೇಕರಿಯ ಭಟ್ಟಿ ಆ ಮಟ್ಟವನ್ನು ಮುಟ್ಟುವುದಿಲ್ಲ. ಆದುದರಿಂದ ತಾನಾಗಿ ಗಾಳಿಯಲ್ಲಿ ಗಟ್ಟಿಯಾಗುವ ಬಗೆಯ ಗಾರೆಯನ್ನು ಕೇಳಿ ಪಡೆಯುವುದು ಮತ್ತು ಸಂದುಗಳನ್ನು 2-3 ಮಿ.ಮೀ.ಗೆ ಮಿತಗೊಳಿಸುವುದು ಲೇಸು. ತೆಳುವಾದ ಸಂದಿನಲ್ಲಿ ನೀರೂ ಕಡಿಮೆ.

ಮೊದಲ ಹಂತ: ಗಾಳಿಯ ಕೆಲಸ

ರಷ್ಯಾ, ಫಿನ್ಲೆಂಡ್, ಆಸ್ಟ್ರಿಯ ಮುಂತಾದ ಶೀತಪ್ರದೇಶಗಳಲ್ಲಿ ಮನೆಯನ್ನು ಬೆಚ್ಚಗಿಡಲು ಟನ್ನುಗಟ್ಟಲೆ ತೂಗುವ ಇಟ್ಟಿಗೆಯ ಅಥವಾ ಕಲ್ಲಿನ ಒಲೆಗಳನ್ನು ಕಟ್ಟುವ ಪದ್ಧತಿ ಶತಮಾನಗಳಿಂದ ಇದೆ. ದಿನಕ್ಕೊಂದೆರಡು ಬಾರಿ ಉರಿ ಹಾಕಿದರೆ ಅದರ ಮೈ ಹಲವು ಗಂಟೆಗಳ ಕಾಲ ಶಾಖ ಬಿಡುತ್ತಿರುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಗಳಿಂದ ನಮಗೆ ಪರಿಚಿತವಾದ ಬಳಪದ ಕಲ್ಲಿನ ಜಾತಿಯ ಕಲ್ಲನ್ನೇ ಫಿನ್ಲೆಂಡಿನವರು ಇಂತಹ ಒಲೆಗಳಿಗೆ ಬಳಸುತ್ತಾರೆ. ನಮ್ಮ ಬೇಕರಿ ಭಟ್ಟಿಯೂ ಇದೇ ತತ್ತ್ವದ್ದು: ಶಾಖವನ್ನು ಕೂಡಿಟ್ಟುಕೊಂಡು ನಿಧಾನವಾಗಿ ಕೊಡುವ ಭಾರವಾದ ಇಟ್ಟಿಗೆಯ ಒಡಲು. ಆ ಒಲೆಗಳನ್ನು ಕಟ್ಟುವ ಕುಶಲಿಗಳು ಮೊದಲು ವಾರಗಟ್ಟಲೆ ಬಾಗಿಲು ತೆರೆದಿಟ್ಟು ಗಾಳಿಯಲ್ಲಿ ಒಣಗಿಸುತ್ತಾರೆ, ಅನಂತರ ಕಿರುಬೆಂಕಿ ಹಾಕುತ್ತಾರೆ, ಕಟ್ಟಕಡೆಗೆ ಹೊರಮೈಯ ಗಿಲಾವು ಮಾಡುತ್ತಾರೆ. ಮಣ್ಣಿನ ಒಲೆ ಹಾಕಿದ ನಮ್ಮ ಹಳ್ಳಿಯ ಹೆಣ್ಣುಮಕ್ಕಳೂ ಅದನ್ನು ನೆರಳಿನಲ್ಲಿ ಆರಿಸಿ, ಬಿರುಕಿಗೆ ಮತ್ತೆ ಮತ್ತೆ ಮಣ್ಣು ಸವರಿದ ಮೇಲೆಯೇ ಅಡಿಗೆಗೆ ಹಚ್ಚುತ್ತಿದ್ದರು. ಈ ವಿವೇಕ ನಮಗೆ ಹೊಸತಲ್ಲ.

ಬೇಸಿಗೆಯಲ್ಲಿ ಕಟ್ಟಿದ ಭಟ್ಟಿಗೆ ಮೂರರಿಂದ ನಾಲ್ಕು ವಾರ, ಮಳೆಗಾಲದಲ್ಲಿ, ಅದರಲ್ಲಿಯೂ ಮಲೆನಾಡು ಮತ್ತು ಕರಾವಳಿಯಲ್ಲಿ, ಆರು ವಾರಗಳಷ್ಟಾದರೂ ಗಾಳಿಯಲ್ಲಿ ಒಣಗಲು ಬಿಡುವುದು ಕ್ಷೇಮ. ಹೊರಭಾಗದಲ್ಲಿ ಸಿಮೆಂಟ್ ಗಾರೆ ಬಳಸಿದ್ದರೆ ಮೊದಲ ಏಳು ದಿನ ಅದಕ್ಕೆ ನೀರುಣಿಸಲೇಬೇಕು. ಒಣಗಿಸುವ ದಿನಗಳ ಎಣಿಕೆ ಅದರ ನಂತರ ಆರಂಭ. ಭಟ್ಟಿಯ ಬಾಗಿಲು ಮತ್ತು ಚಿಮಣಿಯ ತಡೆಹಲಗೆ ಸದಾ ತೆರೆದಿರಲಿ. ಬಾಯಿಗೆ ಒಂದು ಸಾಮಾನ್ಯ ಫ್ಯಾನು ಇಟ್ಟರೆ ಬಹಳ ಪ್ರಯೋಜನವಾಗುತ್ತದೆ. ಚಿಮಣಿಯ ತುದಿಗೆ ಮಳೆಟೋಪಿ ಹಾಕದೆ ಬಿಟ್ಟು, ಒಂದೇ ರಾತ್ರಿಯ ಮಳೆಗೆ ಎರಡು ವಾರದ ಒಣಗುವಿಕೆ ವ್ಯರ್ಥವಾದ ನಿದರ್ಶನಗಳು ಉಂಟು.

ತೇವ ಇಳಿದಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಒಂದು ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ಹೊರಗೋಡೆಗೆ ನಾಲ್ಕೂ ಅಂಚು ಮುಚ್ಚುವಂತೆ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಬದಿಯಲ್ಲಿ ಹನಿಗಟ್ಟಿದ್ದರೆ ಇನ್ನೂ ಕಾಯಬೇಕು. ಗೋಡೆಯ ಮೇಲೆ ಬಿಳಿಯ ಉಪ್ಪು ಹೂವಿನಂತೆ ಅರಳಿದ್ದರೆ ಗಾಬರಿ ಬೇಡ. ನೀರು ಹೊರಬರುತ್ತಿರುವುದರ ಗುರುತು ಅದು. ಒಣ ಕುಂಚದಿಂದ ಉದುರಿಸಿದರೆ ಸಾಕು, ತೊಳೆಯಬಾರದು.

ಎರಡನೆಯ ಹಂತ: ಕಿರುಬೆಂಕಿ

ಗಾಳಿ ಎಷ್ಟೇ ಕೆಲಸ ಮಾಡಿದರೂ ಒಡಲಿನ ಆಳದ ತೇವವನ್ನು ತೆಗೆಯಲು ಕಿರುಬೆಂಕಿಯೇ ಬೇಕು. ಕಮಾನಿನ ಒಳಮೈಯ ಉಷ್ಣತೆಯನ್ನು ಅಳೆಯುವ ಸಾಧನವೊಂದನ್ನು ಇಟ್ಟುಕೊಳ್ಳುವುದು ಅತ್ಯವಶ್ಯಕ. ದೂರದಿಂದ ಗುರಿಯಿಟ್ಟು ಅಳೆಯುವ ಥರ್ಮಾಮೀಟರ್ ಮೇಲ್ಮೈಯನ್ನು ಮಾತ್ರ ತೋರಿಸುತ್ತದೆ. ಕಟ್ಟುವಾಗಲೇ ಕಮಾನಿನ ಇಟ್ಟಿಗೆಯ ಹಿಂಬದಿಯಲ್ಲಿ ಒಂದು ಥರ್ಮೋಕಪಲ್ ತಂತಿಯನ್ನು ಹೂತಿಟ್ಟರೆ ಒಡಲಿನ ಸ್ಥಿತಿ ಗೋಚರವಾಗುತ್ತದೆ. ಕೆಳಗಿನ ಕ್ರಮವನ್ನು ಇಟ್ಟಿಗೆಯಿಂದ ಕಟ್ಟಿದ ಬೇಕರಿ ಭಟ್ಟಿಗೆ ಮಾರ್ಗದರ್ಶಿಯಾಗಿ ಅನುಸರಿಸಬಹುದು.

1ನೇ ಮತ್ತು 2ನೇ ದಿನ: ಒಳಮೈ 60ರಿಂದ 90 ಡಿಗ್ರಿ. ಎರಡು ಮೂರು ಕೆ.ಜಿ. ಸಣ್ಣ ಚಕ್ಕೆಗಳಿಂದ ಆರಂಭಿಸಿ, ಆರರಿಂದ ಎಂಟು ಗಂಟೆ ಸ್ವಲ್ಪ ಸ್ವಲ್ಪವೇ ಹಾಕುತ್ತಿರಬೇಕು.

3ನೇ ಮತ್ತು 4ನೇ ದಿನ: 110ರಿಂದ 120 ಡಿಗ್ರಿ. ನೀರು ಹಬೆಯಾಗುವ ಹಂತವಿದು. ಇಲ್ಲಿ ಎಷ್ಟು ಹೊತ್ತು ನಿಂತರೂ ಹೆಚ್ಚಲ್ಲ.

5ನೇ ದಿನ: 150ರಿಂದ 180 ಡಿಗ್ರಿ.

6ನೇ ದಿನ: 200ರಿಂದ 230 ಡಿಗ್ರಿ.

7ನೇ ದಿನ: 260ರಿಂದ 300 ಡಿಗ್ರಿ.

8ನೇ ಮತ್ತು 9ನೇ ದಿನ: 350ರಿಂದ 400 ಡಿಗ್ರಿ. ಕಮಾನಿಗೆ ಹಿಡಿದ ಮಸಿ ಉರಿದುಹೋಗಿ ಇಟ್ಟಿಗೆಯ ನಿಜಬಣ್ಣ ಕಾಣಿಸುತ್ತದೆ.

ಯಾವ ಹಂತದಲ್ಲಿಯೂ ಗಂಟೆಗೆ 25 ಡಿಗ್ರಿಗಿಂತ ವೇಗವಾಗಿ ಏರಿಸಬಾರದು. ಹಬೆ ಕಾಣಿಸುತ್ತಿರುವವರೆಗೆ ಮುಂದಿನ ಹಂತಕ್ಕೆ ಹೋಗಬಾರದು. ತಣ್ಣನೆಯ ಗಾಜಿನ ತುಂಡೊಂದನ್ನು ಬಾಯಿಯ ಮೇಲ್ಭಾಗದಲ್ಲಿ ಕ್ಷಣಕಾಲ ಹಿಡಿದು ನೋಡಿ. ಮಂಜು ಹಿಡಿದರೆ ಒಳಗೆ ನೀರಿದೆ ಎಂದೇ ಅರ್ಥ. ಆದರೆ ಸೌದೆ ಉರಿದಾಗಲೂ ತೇವ ಹೊರಬರುವುದರಿಂದ, ಈ ಪರೀಕ್ಷೆಯನ್ನು ಉರಿ ಇಳಿದು ಕೆಂಡ ಮಾತ್ರ ಉಳಿದಿರುವಾಗ ಮಾಡಬೇಕು. ಇಂತಹ ದಿನ ಇಷ್ಟನೇ ಡಿಗ್ರಿ ಎಂಬುದಕ್ಕಿಂತ ಹಬೆ ನಿಂತಿತೇ ಎಂಬುದೇ ಮುಖ್ಯ. ಹೊರಗೋಡೆಯಲ್ಲಿ ಹೊಸದಾಗಿ ಒದ್ದೆ ಮಚ್ಚೆ ಕಾಣಿಸಿಕೊಳ್ಳುವುದೂ ಉಂಟು. ಒಳಗಿನ ನೀರು ಹೊರಗಿನ ತಂಪು ಭಾಗಕ್ಕೆ ಸರಿಯುತ್ತಿದೆ ಎಂದು ತಿಳಿದು, ಮಚ್ಚೆ ಆರುವವರೆಗೆ ಅದೇ ಹಂತದಲ್ಲಿ ನಿಲ್ಲಬೇಕು.

ಸೌದೆ ಸೀಳಿದ್ದಾಗಿರಲಿ, ಒಣಗಿದ್ದಾಗಿರಲಿ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಹಾಕಿ ಭಟ್ಟಿ ಒಣಗಿಸುವುದು ಒದ್ದೆ ಬಟ್ಟೆಯಿಂದ ನೆಲ ಒರೆಸಿ ಒಣಗಲಿಲ್ಲವೆಂದು ದೂರಿದಂತೆ. ತೆಂಗಿನ ಕರಟದ ಉರಿ ತೀಕ್ಷ್ಣವಾದ್ದರಿಂದ ಮೊದಲ ವಾರ ಬೇಡ. ಬೆಂಕಿಯನ್ನು ಒಂದೇ ಮೂಲೆಗೆ ಒತ್ತದೆ ದಿನಕ್ಕೊಂದು ಕಡೆ ಸರಿಸುತ್ತಿರಬೇಕು. ನಮ್ಮ ಬೇಕರಿಗಳಲ್ಲಿ ಒದ್ದೆ ಗೋಣಿಯಿಂದ ಹಾಸನ್ನು ಒರೆಸುವ ರೂಢಿಯುಂಟು. ಈ ಒಂಬತ್ತು ದಿನಗಳಲ್ಲಿ ಅದು ಸರ್ವಥಾ ಕೂಡದು. ಬೇಗ ಆರಲೆಂದು ನೀರು ಚಿಮುಕಿಸುವುದಂತೂ ಕಟ್ಟಿದ್ದನ್ನು ಕೈಯಾರೆ ಒಡೆದಂತೆ. ರಾತ್ರಿ ಬಾಗಿಲನ್ನು ಸ್ವಲ್ಪ ತೆರೆದಿಟ್ಟು ತಾನಾಗಿಯೇ ಆರಲು ಬಿಡಬೇಕು. ಅನಿಲದ ಬರ್ನರಿನಿಂದಲೂ ಒಣಗಿಸಬಹುದು. ಜ್ವಾಲೆಯು ಇಟ್ಟಿಗೆಗೆ ನೇರವಾಗಿ ತಾಗಬಾರದು.

ಸುರಕ್ಷತೆಯ ಮಾತೂ ಮುಖ್ಯ. ಮಂದವಾಗಿ ಉರಿಯುವ ಬೆಂಕಿಯಿಂದ ವಾಸನೆಯಿಲ್ಲದ, ಪ್ರಾಣಾಪಾಯಕಾರಿಯಾದ ಕಾರ್ಬನ್ ಮೊನಾಕ್ಸೈಡ್ ಅನಿಲ ಹೊರಡುತ್ತದೆ. ಈ ದಿನಗಳಲ್ಲಿ ಕೆಲಸಗಾರರು ಭಟ್ಟಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬಾರದು.

ಎರಕ ಹೊಯ್ದ ಅಗ್ನಿಸಹ ಕಾಂಕ್ರೀಟಿಗೆ ತಯಾರಕರು ಒದಗಿಸುವ ತಾಪನ ಪಟ್ಟಿಯೇ ಪ್ರಮಾಣ. ಬೆಳಗಾವಿಯ ಎರಕ ಉದ್ಯಮಿಗಳಿಗೆ ಇದು ಹೊಸ ವಿಚಾರವೇನಲ್ಲ. ಕುಲುಮೆಯ ಒಳಪದರ ಬದಲಾಯಿಸಿದಾಗ ಪಟ್ಟಿಯಂತೆ ಕಾಯಿಸದೆ ಅವರು ಲೋಹ ಕರಗಿಸುವುದಿಲ್ಲ. ಆ ಶಿಸ್ತು ಬೇಕರಿ, ಹೋಟೆಲು, ಸಿಹಿತಿಂಡಿ ತಯಾರಕರಿಗೂ ಬರಬೇಕಾಗಿದೆ.

ಬಿರುಕು ಬಿಟ್ಟರೆ?

ಮೊದಲ ಬೆಂಕಿಯ ನಂತರ ಕೂದಲೆಳೆಯಂತಹ ಬಿರುಕುಗಳು ಕಾಣಿಸಿಕೊಳ್ಳುವುದು ಸಹಜ. ಸಂದಿನ ಗುಂಟ ಸಾಗುವ, ಒಂದು ಮಿ.ಮೀ.ಗಿಂತ ಕಿರಿದಾದ ಬಿರುಕು ಭಟ್ಟಿ ಬಿಸಿಯಾದಾಗ ಒಂದು ರೀತಿ, ಆರಿದಾಗ ಇನ್ನೊಂದು ರೀತಿ ಕಾಣುತ್ತದೆ. ಭಟ್ಟಿಯು ತನ್ನ ಚಲನೆಗೆ ಜಾಗ ಮಾಡಿಕೊಂಡಿತೆಂದು ಭಾವಿಸಬಹುದು. ಚಿಂತಿಸಬೇಕಾದ ಸಂಗತಿಗಳು ಬೇರೆ: ಬಿರುಕು ಇಟ್ಟಿಗೆಯನ್ನೇ ಸೀಳಿಕೊಂಡು ಹೋಗಿರುವುದು, ಕಮಾನಿನ ನಡುವಿನ ಬೀಗದ ಇಟ್ಟಿಗೆ ಕೆಳಗಿಳಿದಿರುವುದು, ಹೊರಗೋಡೆ ಉಬ್ಬಿರುವುದು, ಒಳಮೈ ಪದರಪದರವಾಗಿ ಏಳುತ್ತಿರುವುದು. ಇವುಗಳಲ್ಲಿ ಯಾವುದು ಕಂಡರೂ ಬೆಂಕಿ ನಿಲ್ಲಿಸಿ, ತಾನಾಗಿ ಆರಲು ಬಿಟ್ಟು, ಕಟ್ಟಿದವರನ್ನು ಕರೆಸಬೇಕು. ಗಾರೆ ಮೆತ್ತಿ ಮುಚ್ಚಿಬಿಡುವುದರಿಂದ ದೋಷ ಮರೆಯಾಗುವುದೇ ಹೊರತು ನಿವಾರಣೆಯಾಗದು.

ಹೊರಮೈ ಕೆಲಸ ಕೊನೆಯಲ್ಲಿ

ಗಿಲಾವು ಮಾಡಿ ಬಣ್ಣ ಬಳಿದ ಮೇಲೆ ಬೆಂಕಿ ಹಾಕುವುದು ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ಕ್ರಮ. ಇದು ತಲೆಕೆಳಗಾದದ್ದು. ಗಿಲಾವು ಹಾಕಿದರೆ ನೀರು ಹೊರಬರುವ ದಾರಿ ಕಿರಿದಾಗುತ್ತದೆ, ಬಿರುಕುಗಳು ಹೊಸ ಗಿಲಾವಿನ ಮೇಲೆಯೇ ಮೂಡುತ್ತವೆ. ಕಿರುಬೆಂಕಿಯ ಕ್ರಮ ಪೂರೈಸಿ, ಒಂದೆರಡು ಬಾರಿ ಪೂರ್ಣ ಶಾಖ ಕೊಟ್ಟ ಮೇಲೆ ಮೊದಲು ಬಿರುಕುಗಳನ್ನು ತುಂಬಬೇಕು. ಬಾಗಿಲಿನ ಚೌಕಟ್ಟಿನ ಸುತ್ತ 3ರಿಂದ 5 ಮಿ.ಮೀ. ಸಂದು ಬಿಟ್ಟು ಸೆರಾಮಿಕ್ ನಾರಿನ ಹಗ್ಗ ತುರುಕಬೇಕು. ಈ ನಾರನ್ನು ಮುಟ್ಟುವಾಗ ಮುಖಕ್ಕೆ ಮಾಸ್ಕ್, ಕೈಗೆ ಕವಚ ಅಗತ್ಯ. ಹಿಂದೆ ಬಳಕೆಯಲ್ಲಿದ್ದ ಆಸ್ಬೆಸ್ಟಾಸ್ ಹಗ್ಗ ಶ್ವಾಸಕೋಶಕ್ಕೆ ಮಾರಕವಾದ್ದರಿಂದ ಅದನ್ನು ತ್ಯಜಿಸತಕ್ಕದ್ದು. ಕಮಾನಿನ ಮೇಲಿನ ಶಾಖನಿರೋಧಕ ಪದರವನ್ನೂ ಕಮಾನು ಒಣಗಿದ ಮೇಲೆ ಹಾಸುವುದು ಲೇಸು, ಏಕೆಂದರೆ ಒದ್ದೆಯಾದ ನಿರೋಧಕವು ಶಾಖವನ್ನು ತಡೆಯುವುದೇ ಇಲ್ಲ.

ಹೊರಮೈಗೆ ಸುಣ್ಣದ ಗಾರೆ ಉತ್ತಮ. ಅದು ಸಿಮೆಂಟಿಗಿಂತ ಮೆದು. ಗೋಡೆಯ ಸಣ್ಣ ಚಲನೆಗೆ ಒಗ್ಗಿಕೊಳ್ಳುತ್ತದೆ, ಆವಿಗೂ ದಾರಿ ಬಿಡುತ್ತದೆ. ಭಟ್ಟಿ ತಣ್ಣಗಿರುವಾಗ, ಗೋಡೆಯನ್ನು ತುಸು ನೀರು ಚಿಮುಕಿಸಿ ತಂಪುಗೊಳಿಸಿ, 10-12 ಮಿ.ಮೀ.ನ ಮೊದಲ ಕೈ, ಅದು ಬಿಗಿದ ಮೇಲೆ 5 ಮಿ.ಮೀ.ನ ಎರಡನೆಯ ಕೈ ಕೊಡಬೇಕು. ನಡುವೆ ಜಾಲರಿ ಕೂರಿಸಿದರೆ ಹೆಚ್ಚು ಭದ್ರ. ಸುಣ್ಣವು ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುವ ವಸ್ತುವಾದ್ದರಿಂದ ಬೆಂಕಿ ಹಾಕಿ ಅದನ್ನು ಅವಸರದಿಂದ ಒಣಗಿಸಬಾರದು. ಮೇಲಿನ ಬಣ್ಣಕ್ಕೆ ಸುಣ್ಣವೇ ಸಾಕು. ಎಣ್ಣೆಬಣ್ಣ ಆವಿಯನ್ನು ತಡೆದು ಗುಳ್ಳೆಯೇಳುತ್ತದೆ.

ಕರಾರಿನಲ್ಲಿ ಬರೆದಿಡಿ

ವ್ಯಾಪಾರಸ್ಥರ ದೃಷ್ಟಿಯಿಂದ ಈ ಲೇಖನದ ಮುಖ್ಯ ಮಾತು ಇದೇ. ಅಂಗಡಿಯ ಬಾಡಿಗೆ ತಿಂಗಳಿಗೆ 25,000 ರೂ. ಎಂದಿಟ್ಟುಕೊಂಡರೆ, ಐದು ವಾರ ಒಣಗಲು ಬಿಟ್ಟುದರ ನೇರ ಖರ್ಚು ಸುಮಾರು 29,000 ರೂ. ಇದು ಕಣ್ಣಿಗೆ ಕಾಣುವ ಖರ್ಚಾದ್ದರಿಂದ ನೋವಾಗುತ್ತದೆ. ಅವಸರ ಮಾಡಿ ಕಮಾನು ಕೆಟ್ಟರೆ ಹೊಸ ಇಟ್ಟಿಗೆ ಮತ್ತು ಕೂಲಿ, ಮತ್ತೆ ಅದೇ ಐದು ವಾರದ ಬಾಡಿಗೆ, ಅಷ್ಟು ದಿನದ ವಹಿವಾಟು, ಕೆಲಸವಿಲ್ಲದ ಕೆಲಸಗಾರರ ಸಂಬಳ, ಮೊದಲ ಗಿರಾಕಿಗಳ ವಿಶ್ವಾಸ ಎಲ್ಲವೂ ಸೇರುತ್ತವೆ. ಕಾಯುವುದು ಯಾವ ಕೋನದಿಂದ ನೋಡಿದರೂ ಅಗ್ಗ.

ಆದುದರಿಂದ ಭಟ್ಟಿ ಕಟ್ಟಿಸುವವರು ಮೇಸ್ತ್ರಿಯೊಡನೆ ಒಂದು ಹಾಳೆಯ ಕರಾರನ್ನಾದರೂ ಮಾಡಿಕೊಳ್ಳಬೇಕು. ಒಣಗಿಸುವ ದಿನಗಳೆಷ್ಟು, ಕಿರುಬೆಂಕಿಯನ್ನು ಯಾರು ನೋಡಿಕೊಳ್ಳುತ್ತಾರೆ, ಸೌದೆಯ ಖರ್ಚು ಯಾರದು, ಕ್ರಮ ತಪ್ಪಿಸಿದರೆ ಹೊಣೆ ಯಾರದು ಎಂಬುದು ಅದರಲ್ಲಿರಲಿ. ಕೂಲಿಯ ಒಂದು ಪಾಲನ್ನು ಮೊದಲ ಪೂರ್ಣ ಶಾಖದ ನಂತರ ಕೊಡುವಂತೆ ಗೊತ್ತುಮಾಡಿಕೊಂಡರೆ ಮೇಸ್ತ್ರಿಗೂ ಮತ್ತೆ ಬಂದು ನೋಡುವ ಹೊಣೆ ಇರುತ್ತದೆ. ಅದಕ್ಕೆ ಪ್ರತಿಯಾಗಿ, ಕ್ರಮ ಪಾಲಿಸಿದ ಭಟ್ಟಿಯಲ್ಲಿ ದೋಷ ಬಾರದಿದ್ದರೆ ಆ ಹಣವನ್ನು ತಡವಿಲ್ಲದೆ ಕೊಡುವುದು ಮಾಲೀಕರ ಧರ್ಮ. ದಿನಾಂಕ, ಸಮಯ, ಉಷ್ಣತೆ, ಸೌದೆಯ ತೂಕ, ಕಂಡ ವಿಶೇಷಗಳನ್ನು ಬರೆದಿಡುವ ಒಂದು ನೋಟುಪುಸ್ತಕ ಇದ್ದರೆ ಮುಂದೆ ವಾದಕ್ಕೆ ಆಸ್ಪದವೇ ಇರುವುದಿಲ್ಲ. ಬ್ಯಾಂಕಿನಲ್ಲಿ ಸಾಲದ ಕಂತು ಆರಂಭವಾಗುವ ದಿನವನ್ನು ನಿಗದಿಪಡಿಸುವಾಗಲೂ ಈ ಐದಾರು ವಾರಗಳನ್ನು ಸೇರಿಸಿ ಕೇಳುವುದು ಜಾಣತನ.

ಕಟ್ಟಿಸುವ ಮುನ್ನ ಇನ್ನೊಂದು ವಿಚಾರವನ್ನೂ ಗಮನಿಸಬೇಕು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಮುಂಬಯಿಯ ಸೌದೆ ಮತ್ತು ಕಲ್ಲಿದ್ದಲಿನ ಬೇಕರಿಗಳು ಆರು ತಿಂಗಳೊಳಗೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ತಮ್ಮ ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಿಕೊಂಡು, ಮುಂದೆ ಅನಿಲದ ಬರ್ನರ್ ಅಳವಡಿಸಲು ಅನುಕೂಲವಾಗುವಂತೆ ಭಟ್ಟಿಯಲ್ಲಿ ಈಗಲೇ ಜಾಗ ಬಿಡುವುದು ದೂರದೃಷ್ಟಿಯ ಲಕ್ಷಣ.

ಮುಹೂರ್ತಕ್ಕೆ ಅಡ್ಡಿಯಿಲ್ಲ

"ಒಳ್ಳೆಯ ದಿನ ತಪ್ಪಿಹೋಗುತ್ತದಲ್ಲ" ಎಂಬ ಆಕ್ಷೇಪ ಬರುವುದು ಸ್ವಾಭಾವಿಕ. ಇದಕ್ಕೆ ನಮ್ಮ ಪದ್ಧತಿಯಲ್ಲಿಯೇ ಪರಿಹಾರವಿದೆ. ಹೊಸ ಒಲೆಗೆ ಮೊದಲ ಬೆಂಕಿ ಹಾಕಿ ನಾವು ಉಕ್ಕಿಸುವುದು ಹಾಲನ್ನು. ಒಂದು ಸೇರು ಹಾಲು ಉಕ್ಕಲು ಹಿಡಿ ಚಕ್ಕೆ ಸಾಕು. ಗಾಳಿಯಲ್ಲಿ ಒಣಗಿದ ಭಟ್ಟಿಗೆ ಮೊದಲ ದಿನ ಬೇಕಾಗಿರುವುದೂ ಅಷ್ಟೇ ಮೆಲುವಾದ ಉರಿ. ಶುಭಮುಹೂರ್ತವನ್ನು ಕಿರುಬೆಂಕಿಯ ಮೊದಲ ದಿನಕ್ಕೆ ಇಟ್ಟುಕೊಂಡು, ಮಾರಾಟದ ಆರಂಭವನ್ನು ಎರಡು ವಾರದ ನಂತರಕ್ಕೆ ಇಟ್ಟುಕೊಂಡರೆ ಶಾಸ್ತ್ರವೂ ಉಳಿಯಿತು, ಕಮಾನೂ ಉಳಿಯಿತು.

ಮೇಲೆ ಹೇಳಿದ ಯುವಕರು ಎರಡನೆಯ ಬಾರಿ ಹೀಗೆಯೇ ಮಾಡಿದರು. ಒಂಬತ್ತು ದಿನ ತಾವೇ ಭಟ್ಟಿಯ ಮುಂದೆ ಕುಳಿತು ನೋಟುಪುಸ್ತಕ ಬರೆದರು. ಆ ಭಟ್ಟಿ ಇಂದಿಗೂ ಉರಿಯುತ್ತಿದೆ; ಆ ಪುಸ್ತಕವನ್ನು ಹೊಸ ಭಟ್ಟಿ ಕಟ್ಟಿಸುವ ಸುತ್ತಲಿನವರು ಎರವಲು ಒಯ್ಯುತ್ತಿದ್ದಾರೆ.